ಗಡಿಯಾಚೆಯ ರೈತ ನಾಯಕ ಎನ್.ಜಿ. ರಂಗಾ: ಸರ್ಕಾರ ಹೊಲದ ಬದುವಿನಾಚೆ ನಿಲ್ಲಲಿ ಅಂದವರ ಕಥೆ

ಕೋಲಾರ: ಮುಳಬಾಗಿಲು ಬಿಟ್ಟು ನಂಗಲಿ ದಾಟಿದ್ರೆ ಆಂಧ್ರ. ಮೊದಲು ಸಿಗೋದು ಪಲಮನೇರು, ಆಮೇಲೆ ಚಿತ್ತೂರು. ನಮ್ಮ ಜಿಲ್ಲೆಯ ಜನಕ್ಕೆ ಇದು ಪರದೇಶವೇನಲ್ಲ. ಹೆಣ್ಣು ಕೊಟ್ಟು ತಂದ ಸಂಬಂಧ ಇದೆ, ಮಾವು, ಟೊಮೆಟೊ, ಹಸು ಕರುವಿನ ವ್ಯಾಪಾರ ಇದೆ, ಮನೆಯಲ್ಲಿ ತೆಲುಗು ಆಡೋರು ಬೇಕಾದಷ್ಟು ಜನ ಇದ್ದಾರೆ. ಆದರೆ 1962ರಲ್ಲಿ ಇದೇ ಚಿತ್ತೂರು ಕ್ಷೇತ್ರದಿಂದ ಉಪಚುನಾವಣೆ ಗೆದ್ದು ಲೋಕಸಭೆಗೆ ಹೋದ ಒಬ್ಬ ರೈತನ ಮಗನ ಬಗ್ಗೆ ನಮ್ಮಲ್ಲಿ ಮಾತಾಡೋರು ಕಮ್ಮಿ. ಅವರೇ ಆಚಾರ್ಯ ಎನ್.ಜಿ. ರಂಗಾ.

ಚುನಾವಣೆ ಬಂದ್ರೆ ನಮಗೆಲ್ಲ ಗೊತ್ತಿರೋ ಭಾಷಣ ಒಂದೇ. ಗೆಲ್ಲಿಸಿ, ಸರ್ಕಾರದಿಂದ ಅದು ಕೊಡಿಸ್ತೀವಿ, ಇದು ಕೊಡಿಸ್ತೀವಿ. ರಂಗಾ ಅವರು ಹಳ್ಳಿಗಳಿಗೆ ಹೋಗಿ ಹೇಳಿದ್ದು ಸ್ವಲ್ಪ ಉಲ್ಟಾ. ಸರ್ಕಾರ ರಸ್ತೆ ಮಾಡಲಿ, ನೀರು ಕೊಡಲಿ, ಸಾಲ ಕೊಡಲಿ, ಬೆಳೆಗೆ ನ್ಯಾಯವಾದ ಬೆಲೆ ಸಿಗೋ ಹಾಗೆ ನೋಡಿಕೊಳ್ಳಲಿ. ಆದರೆ ಹೊಲದ ಬದು ದಾಟಿ ಒಳಗೆ ಬಂದು ಯಜಮಾನ ಆಗೋದು ಬೇಡ. ಇಷ್ಟೇ ಅವರ ವಾದದ ತಿರುಳು. ಈ ಒಂದು ಮಾತಿಗೋಸ್ಕರ ಅವರು ಪಕ್ಷ ಬಿಟ್ಟರು, ಪಕ್ಷ ಕಟ್ಟಿದರು, ಗೆದ್ದರು, ಸೋತರು. ಆ ಮಾತು ಎಷ್ಟು ಸರಿ, ಎಲ್ಲಿ ಸಾಲದು ಅನ್ನೋದು ಇವತ್ತಿಗೂ ಮುಗಿಯದ ಚರ್ಚೆ.

ನಿಡುಬ್ರೋಲಿನ ಹುಡುಗ

ಪೂರ್ತಿ ಹೆಸರು ಗೋಗಿನೇನಿ ರಂಗನಾಯಕುಲು. ಹುಟ್ಟಿದ್ದು 1900ರ ನವೆಂಬರ್ 7ರಂದು, ಈಗಿನ ಗುಂಟೂರು ಜಿಲ್ಲೆಯ ನಿಡುಬ್ರೋಲು ಎಂಬ ಹಳ್ಳಿಯಲ್ಲಿ. ಪೊನ್ನೂರು ಪಟ್ಟಣಕ್ಕೆ ಅಂಟಿಕೊಂಡಿರೋ ಊರು ಅದು. ಕೃಷ್ಣಾ ನದಿಯ ಮುಖಜ ಭೂಮಿ, ಕಾಲುವೆ ನೀರು, ಭತ್ತದ ಗದ್ದೆ. ನಮ್ಮ ಕಡೆಯ ಹಾಗೆ ಮಳೆ ನಂಬಿಕೊಂಡು, ಕೆರೆ ತುಂಬುತ್ತಾ ಇಲ್ಲವಾ ಅಂತ ಆಕಾಶ ನೋಡೋ ಸೀಮೆ ಅಲ್ಲ. ಆದರೆ ಅಲ್ಲಿನ ರೈತನಿಗೆ ಬೇರೆ ಕಷ್ಟ ಇತ್ತು. ನೀರು ಕೊಟ್ಟ ಬ್ರಿಟಿಷ್ ಸರ್ಕಾರವೇ ಕಂದಾಯವನ್ನೂ ವಸೂಲಿ ಮಾಡ್ತಿತ್ತು. ಬೆಳೆ ಬೆಲೆ ಬಿದ್ದರೂ ಕಂದಾಯ ಇಳೀತಿರಲಿಲ್ಲ.

ರೈತರ ಮನೆಯ ಈ ಹುಡುಗ ಊರಲ್ಲಿ, ಆಮೇಲೆ ಗುಂಟೂರಿನಲ್ಲಿ ಓದಿ, ಅಲ್ಲಿಂದ ಸೀದಾ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೋದರು. 1926ರಲ್ಲಿ ಅರ್ಥಶಾಸ್ತ್ರದಲ್ಲಿ ಬಿ.ಲಿಟ್ ಪದವಿ ಪಡೆದರು. ವಾಪಸ್ ಬಂದು ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದರು. ಆ ಕಾಲಕ್ಕೆ ಇಷ್ಟು ಓದಿದವನಿಗೆ ಜೀವನ ಪೂರ್ತಿ ಆರಾಮಾಗಿ ಕೂತು ಉಣ್ಣೋ ಅವಕಾಶ ಇತ್ತು. ಡಿಗ್ರಿ ಮುಗಿಸದೆ ಕಾಲೇಜು ಬಿಟ್ಟ ನನ್ನಂಥವರಿಗೆ ಆಕ್ಸ್‌ಫರ್ಡ್ ಅನ್ನೋ ಹೆಸರೇ ದೊಡ್ಡದು. ರಂಗಾ ಅಲ್ಲಿಂದ ಬಂದು ಮಾಡಿದ್ದು ಏನಪ್ಪ ಅಂದ್ರೆ, ಪುಸ್ತಕ ಬದಿಗಿಟ್ಟು ಹಳ್ಳಿ ಹಳ್ಳಿ ತಿರುಗಿದ್ದು.

ಸುಮ್ಮನೆ ತಿರುಗಲಿಲ್ಲ. ಹಳ್ಳಿಯ ಆರ್ಥಿಕ ಸ್ಥಿತಿ ಹೇಗಿದೆ ಅಂತ ಅಧ್ಯಯನ ಮಾಡಿದರು. ಕೈಮಗ್ಗದ ನೇಕಾರರ ಬದುಕಿನ ಮೇಲೆ ಪುಸ್ತಕ ಬರೆದರು. ಇದು ಮುಖ್ಯ, ಯಾಕಂದ್ರೆ ಮುಂದೆ ಉದ್ಯೋಗದ ಬಗ್ಗೆ ಅವರು ಹೇಳಿದ್ದೆಲ್ಲ ಇಲ್ಲಿಂದ ಶುರುವಾಯ್ತು. ಒಬ್ಬ ನೇಕಾರ, ಒಬ್ಬ ರೈತ, ಒಬ್ಬ ಕುಂಬಾರ, ಒಬ್ಬ ಬಡಗಿ ಯಾರ ಹತ್ತಿರವೂ ಕೆಲಸ ಕೇಳದೆ ತನ್ನ ಮನೆಯವರ ಜೊತೆ ಸೇರಿ ದುಡೀತಾನೆ. ಅವನು ಮಾಲೀಕನೂ ಹೌದು, ಕೆಲಸಗಾರನೂ ಹೌದು. ಕಾರ್ಖಾನೆಯ ಲೆಕ್ಕದಲ್ಲಿ ಮಾಲೀಕ ಬೇರೆ, ಕಾರ್ಮಿಕ ಬೇರೆ. ಆ ಲೆಕ್ಕ ಹಿಡಿದು ಹಳ್ಳಿ ನೋಡಿದ್ರೆ ಈ ಜನ ಕಾಣೋದೇ ಇಲ್ಲ ಅನ್ನೋದು ಅವರಿಗೆ ಆಗಲೇ ಹೊಳೆದಿತ್ತು.

ಕಂದಾಯ, ಜಮೀನ್ದಾರ, ಜೈಲು

1930ರಲ್ಲಿ ಗಾಂಧೀಜಿ ಕರೆಗೆ ಓಗೊಟ್ಟು ರಂಗಾ ಸ್ವಾತಂತ್ರ್ಯ ಚಳವಳಿಗೆ ಇಳಿದರು. ಅದೇ ವರ್ಷ ಕೇಂದ್ರ ಶಾಸನಸಭೆಗೂ ಕಾಲಿಟ್ಟರು. ಅದು ಜಗತ್ತಿನಾದ್ಯಂತ ಬೆಲೆ ಕುಸಿದಿದ್ದ ಕಾಲ. ಭತ್ತ ಮಾರಿದ ದುಡ್ಡು ಕಂದಾಯಕ್ಕೇ ಸಾಲದ ಹೊತ್ತಿನಲ್ಲಿ, ಕೃಷ್ಣಾ ಗೋದಾವರಿ ಸೀಮೆಯಲ್ಲಿ ಕಂದಾಯ ಹೆಚ್ಚಿಸಲು ಸರ್ಕಾರ ಹೊರಟಿತ್ತು. ರಂಗಾ ರೈತರನ್ನು ಸೇರಿಸಿ ಅದನ್ನು ವಿರೋಧಿಸಿದರು.

ಇನ್ನೊಂದು ಕಡೆ ವೆಂಕಟಗಿರಿಯಂಥ ಜಮೀನ್ದಾರಿಗಳು. ಅಲ್ಲಿ ರೈತನಿಗೆ ಸರ್ಕಾರಕ್ಕಿಂತ ಜಮೀನ್ದಾರನ ಕಾಟ ಜಾಸ್ತಿ. ಬೆಟ್ಟದಲ್ಲಿ ಸೌದೆ ತರೋಕೆ, ದನ ಮೇಯಿಸೋಕೆ, ಎಲ್ಲಕ್ಕೂ ಅಪ್ಪಣೆ ಬೇಕು. 1933ರಲ್ಲಿ ರಂಗಾ ರೈತ ಹೋರಾಟದ ಮುಂದಾಳತ್ವ ವಹಿಸಿದರು. ಆ ಹೋರಾಟಗಳ ಕಾಲದಲ್ಲಿ ಹಲವು ಸಲ ಜೈಲಿಗೂ ಹೋದರು. ಜಮೀನ್ದಾರಿ ಪದ್ಧತಿ ಹೋಗಲೇಬೇಕು, ಉಳುವವನಿಗೂ ಸರ್ಕಾರಕ್ಕೂ ನಡುವೆ ಇನ್ನೊಬ್ಬ ಧಣಿ ಇರಬಾರದು ಅನ್ನೋದು ಅವರ ಬೇಡಿಕೆ. ಕೊನೆಗೆ 1948ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಜಮೀನ್ದಾರಿ ರದ್ದತಿ ಕಾನೂನು ಬಂತು.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರೆ, ಮುಂದೆ ಇದೇ ರಂಗಾ ಅವರನ್ನ ಜಮೀನ್ದಾರರ ಪರ ಅಂತ ಬೈದವರಿದ್ದಾರೆ. ಅವರ ಸಾರ್ವಜನಿಕ ಜೀವನ ಶುರುವಾಗಿದ್ದೇ ಜಮೀನ್ದಾರರ ವಿರುದ್ಧ.

ನಿಡುಬ್ರೋಲಿನಲ್ಲಿ ಅವರು ರೈತರ ಮಕ್ಕಳಿಗೆ ಅಂತಲೇ ಒಂದು ಶಾಲೆ ನಡೆಸಿದರು. ಅಕ್ಷರ ಕಲಿಸೋ ಶಾಲೆ ಅಲ್ಲ ಅದು, ರಾಜಕೀಯ, ಅರ್ಥಶಾಸ್ತ್ರ, ಸಂಘಟನೆ ಕಲಿಸೋ ಶಾಲೆ. ಕಂದಾಯ ಯಾಕೆ ಕಟ್ಟಬೇಕು, ಕಾನೂನು ಏನು ಹೇಳುತ್ತೆ, ಸಭೆ ನಡೆಸೋದು ಹೇಗೆ, ಅರ್ಜಿ ಬರೆಯೋದು ಹೇಗೆ ಅಂತೆಲ್ಲ ಹಳ್ಳಿ ಹುಡುಗರು ಕಲಿತರು. ಪಾಠ ಹೇಳಿದ್ದಕ್ಕೇ ಅವರ ಹೆಸರಿನ ಹಿಂದೆ ಆಚಾರ್ಯ ಅನ್ನೋದು ನಿಂತುಬಿಡ್ತು. ಶ್ರೀಕಾಕುಳಂ ಕಡೆಯ ಗೌತು ಲಚ್ಚನ್ನ ಅವರಂಥ ಹಿಂದುಳಿದ ಸಮುದಾಯದ ನಾಯಕರು ರಂಗಾ ಅವರನ್ನ ಗುರು ಅಂತಲೇ ಕಂಡರು.

1936ರಲ್ಲಿ ಲಖನೌದಲ್ಲಿ ಅಖಿಲ ಭಾರತ ಕಿಸಾನ್ ಸಭಾ ಹುಟ್ಟಿತು. ಬಿಹಾರದ ಸ್ವಾಮಿ ಸಹಜಾನಂದ ಸರಸ್ವತಿ ಅಧ್ಯಕ್ಷರು, ರಂಗಾ ಪ್ರಧಾನ ಕಾರ್ಯದರ್ಶಿ. ಅದೇ ದಶಕದಲ್ಲಿ ಆಂಧ್ರದ ಉತ್ತರ ತುದಿಯ ಇಚ್ಛಾಪುರದಿಂದ ಮದ್ರಾಸಿನವರೆಗೆ ರೈತರ ಕಾಲ್ನಡಿಗೆ ಯಾತ್ರೆ ನಡೆಯಿತು. ರೈತ-ಕೂಲಿ ರಾಜ್ಯ ಬೇಕು ಅನ್ನೋ ಬೇಡಿಕೆ ಇಟ್ಟುಕೊಂಡು ರಂಗಾ ಗಾಂಧೀಜಿ ಜೊತೆ ಚರ್ಚೆ ನಡೆಸಿದರು, ಆ ಚರ್ಚೆಯನ್ನೇ ಪುಸ್ತಕ ಮಾಡಿದರು. ಇಲ್ಲಿ ಕೂಲಿ ಅನ್ನೋ ಪದ ಗಮನಿಸಿ. ಜಮೀನು ಇದ್ದವನ ಜೊತೆಗೆ ಜಮೀನು ಇಲ್ಲದವನನ್ನೂ ಸೇರಿಸಿಯೇ ಅವರು ಆಗ ಮಾತಾಡ್ತಿದ್ದರು.

ಕಮ್ಯುನಿಸ್ಟರ ಜೊತೆ ಬಿರುಕು

ಕಿಸಾನ್ ಸಭಾದಲ್ಲಿ ಕಮ್ಯುನಿಸ್ಟರ ಕೈ ಮೇಲಾಗುತ್ತಾ ಬಂತು. ರಷ್ಯಾದಲ್ಲಿ ರೈತರ ಜಮೀನನ್ನೆಲ್ಲ ಒಟ್ಟು ಮಾಡಿ ಸಾಮೂಹಿಕ ಬೇಸಾಯ ಮಾಡಿಸಿದ್ದು, ಒಪ್ಪದ ರೈತರ ಗತಿ ಏನಾಯ್ತು ಅನ್ನೋದು ಜಗತ್ತಿಗೆ ನಿಧಾನವಾಗಿ ತಿಳೀತಿತ್ತು. ರಂಗಾ ಅವರಿಗೆ ಆ ದಾರಿ ಹಿಡಿಸಲಿಲ್ಲ. ಜಮೀನ್ದಾರನ ಜಾಗಕ್ಕೆ ಸರ್ಕಾರದ ಆಫೀಸರ್ ಬಂದು ಕೂತ್ರೆ ರೈತನಿಗೆ ಏನು ಬದಲಾಯ್ತು ಅನ್ನೋದು ಅವರ ಪ್ರಶ್ನೆ. 1940ರ ದಶಕದ ಆರಂಭದ ಹೊತ್ತಿಗೆ ಅವರು ಕಿಸಾನ್ ಸಭಾದಿಂದ ದೂರ ಸರಿದಿದ್ದರು.

ಸಂವಿಧಾನ ಸಭೆಯಲ್ಲೂ ರಂಗಾ ಸದಸ್ಯರಾಗಿದ್ದರು. ಅಲ್ಪಸಂಖ್ಯಾತರ ರಕ್ಷಣೆ ಬಗ್ಗೆ ಚರ್ಚೆ ನಡೆದಾಗ, ಈ ದೇಶದ ನಿಜವಾದ ಅಲ್ಪಸಂಖ್ಯಾತರು ದನಿಯೇ ಇಲ್ಲದ ಹಳ್ಳಿಯ ಬಡ ಜನ, ಕಾಗದದ ಮೇಲೆ ಹಕ್ಕು ಬರೆದರೆ ಅದನ್ನು ಬಳಸೋ ಶಕ್ತಿಯೂ ಅವರಿಗೆ ಬರಬೇಕು ಅನ್ನೋ ಅರ್ಥದ ಮಾತಾಡಿದರು. ವೈಯಕ್ತಿಕ ಸ್ವಾತಂತ್ರ್ಯ ಅನ್ನೋದು ವಕೀಲರ, ಪೇಟೆಯವರ ವಿಷಯ ಅಂತ ಅವರು ಯಾವತ್ತೂ ನೋಡಲಿಲ್ಲ. ಹೊಲದಲ್ಲಿ ಏನು ಬೆಳೀಬೇಕು, ಬೆಳೆದಿದ್ದನ್ನ ಎಲ್ಲಿ ಮಾರಬೇಕು ಅಂತ ತೀರ್ಮಾನ ಮಾಡೋದೂ ಅವರ ಲೆಕ್ಕದಲ್ಲಿ ವೈಯಕ್ತಿಕ ಸ್ವಾತಂತ್ರ್ಯವೇ.

ಪಕ್ಷ ಬಿಟ್ಟರು, ಮತ್ತೆ ಬಂದರು

1951ರಲ್ಲಿ ಆಂಧ್ರ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ ರಂಗಾ ಅವರು ನೀಲಂ ಸಂಜೀವ ರೆಡ್ಡಿ ಎದುರು ಸೋತರು. ಆಮೇಲೆ ಟಿ. ಪ್ರಕಾಶಂ ಜೊತೆ ಕಾಂಗ್ರೆಸ್‌ನಿಂದ ಹೊರಬಂದರು. ಪ್ರಕಾಶಂ ಜೊತೆಗೂ ಬಹಳ ದಿನ ಹೊಂದಲಿಲ್ಲ. ಕೃಷಿಕಾರ್ ಲೋಕ ಪಕ್ಷ ಅಂತ ತಮ್ಮದೇ ಪಕ್ಷ ಮಾಡಿದರು. 1952ರ ಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯಲ್ಲಿ ಅದಕ್ಕೆ 15 ಸೀಟು ಬಂತು. ರೈತರ ಹೆಸರಲ್ಲೇ ನಿಂತ ಹೊಸ ಪಕ್ಷಕ್ಕೆ ಇದು ಸಣ್ಣದಲ್ಲ.

1955ರ ಆಂಧ್ರ ಚುನಾವಣೆಯಲ್ಲಿ ಕಮ್ಯುನಿಸ್ಟರು ಗೆದ್ದೇಬಿಡ್ತಾರೆ ಅನ್ನೋ ಗಾಳಿ ಇತ್ತು. ರಂಗಾ ಕಾಂಗ್ರೆಸ್ ಜೊತೆ ಕೈ ಜೋಡಿಸಿದರು. ಕಮ್ಯುನಿಸ್ಟರು ಭಾರಿ ಸೋಲು ಕಂಡರು. ರಂಗಾ ಕಾಂಗ್ರೆಸ್‌ಗೆ ಮರಳಿ, 1957ರಲ್ಲಿ ತೆನಾಲಿಯಿಂದ ಲೋಕಸಭೆಗೆ ಗೆದ್ದರು.

ಅಲ್ಲಿಗೆ ಕಥೆ ಮುಗಿದು, ಮಂತ್ರಿಗಿರಿ ಸಿಕ್ಕಿ, ಹಾರ ತುರಾಯಿ ಹಾಕಿಸಿಕೊಂಡು ಇರಬಹುದಿತ್ತು. 1959 ಎಲ್ಲವನ್ನೂ ಬದಲಾಯಿಸಿತು.

ನಾಗಪುರದ ನಿರ್ಣಯ

1959ರ ಜನವರಿಯಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ. ನೆಹರೂ ಅವರ ಒತ್ತಾಸೆಯ ಒಂದು ನಿರ್ಣಯ ಪಾಸಾಯ್ತು. ಮುಂದಿನ ದಿನಗಳಲ್ಲಿ ದೇಶದ ಬೇಸಾಯ ಜಂಟಿ ಸಹಕಾರಿ ಬೇಸಾಯ ಆಗಬೇಕು ಅನ್ನೋದು ಅದರ ಸಾರ. ಅಂದ್ರೆ, ಊರಿನ ರೈತರು ತಮ್ಮ ತಮ್ಮ ಜಮೀನನ್ನ ಒಂದು ಮಾಡಿ ಒಟ್ಟಿಗೆ ಉಳಬೇಕು. ಹಕ್ಕು ರೈತನ ಹೆಸರಲ್ಲೇ ಇರುತ್ತೆ, ಜಮೀನಿನ ಪಾಲಿಗೆ ತಕ್ಕ ಹಾಗೆ ಫಸಲು ಸಿಗುತ್ತೆ. ಜಮೀನು ಇರಲಿ, ಇಲ್ಲದಿರಲಿ, ದುಡಿದವರಿಗೆ ದುಡಿಮೆಯ ಪಾಲು ಸಿಗುತ್ತೆ. ಮೊದಲ ಮೂರು ವರ್ಷ ಹಳ್ಳಿಗಳಲ್ಲಿ ಸೇವಾ ಸಹಕಾರ ಸಂಘ ಮಾಡೋದು, ಆಮೇಲೆ ಈ ಹೆಜ್ಜೆ.

ಕೇಳೋಕೆ ಚೆನ್ನಾಗಿದೆ. ತುಂಡು ತುಂಡು ಜಮೀನು ಒಂದಾದ್ರೆ ಟ್ರ್ಯಾಕ್ಟರ್ ಓಡಿಸಬಹುದು, ಬಾವಿ ತೋಡಬಹುದು, ಇಳುವರಿ ಜಾಸ್ತಿ ಆಗುತ್ತೆ ಅನ್ನೋ ವಾದ. ಭೂಮಿ ಇಲ್ಲದವನಿಗೂ ಒಂದು ಪಾಲು ಸಿಗುತ್ತೆ ಅನ್ನೋ ಆಸೆ.

ರಂಗಾ ಅವರು ಇದನ್ನ ಒಪ್ಪಲಿಲ್ಲ. ಅವರ ಲೆಕ್ಕ ಹೀಗಿತ್ತು. ಒಂದು ಸಲ ಬದು ಒಡೆದರೆ ಆಮೇಲೆ ಯಾವುದು ಯಾರ ಹೊಲ ಅಂತ ಗುರುತಿಸೋದು ಕಾಗದದಲ್ಲಿ ಮಾತ್ರ. ಏನು ಬಿತ್ತಬೇಕು, ಯಾವಾಗ ಕೊಯ್ಯಬೇಕು, ಯಾರು ಯಾವ ಕೆಲಸ ಮಾಡಬೇಕು ಅಂತ ಹೇಳೋಕೆ ಒಬ್ಬ ಮೇಲ್ವಿಚಾರಕ ಬರ್ತಾನೆ. ನಿನ್ನೆ ತನಕ ತನ್ನ ಹೊಲಕ್ಕೆ ತಾನೇ ಯಜಮಾನ ಆಗಿದ್ದ ರೈತ, ನಾಳೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು. ಉದ್ಯೋಗ ಕೊಡ್ತೀವಿ ಅಂತ ಹೇಳಿ ಇರೋ ಸ್ವಂತ ಉದ್ಯೋಗವನ್ನೇ ಕಿತ್ತುಕೊಂಡ ಹಾಗೆ. ಕೋಟಿಗಟ್ಟಲೆ ಕುಟುಂಬ ಸಂಬಳ ಇಲ್ಲದೆ, ಸರ್ಕಾರವನ್ನ ಕೇಳದೆ ತಮ್ಮ ಕೆಲಸ ತಾವೇ ಹುಟ್ಟಿಸಿಕೊಂಡಿರೋ ದೇಶದಲ್ಲಿ, ಅವರನ್ನೆಲ್ಲ ನೌಕರರನ್ನಾಗಿ ಮಾಡೋದು ಪ್ರಗತಿ ಅಲ್ಲ ಅನ್ನೋದು ಅವರ ನಿಲುವು.

ಉತ್ತರಪ್ರದೇಶದ ಚರಣ್ ಸಿಂಗ್ ಕೂಡ ನಾಗಪುರದಲ್ಲೇ ನಿರ್ಣಯವನ್ನ ವಿರೋಧಿಸಿ ಮಾತಾಡಿದರು. ಆದರೆ ಅವರು ಆಗ ಪಕ್ಷದಲ್ಲೇ ಉಳಿದರು. ರಂಗಾ ಉಳಿಯಲಿಲ್ಲ. ಪಾರ್ಲಿಮೆಂಟಿನ ಕಾಂಗ್ರೆಸ್ ಪಕ್ಷದಲ್ಲಿ ಅವರಿಗೆ ಕಾರ್ಯದರ್ಶಿ ಹುದ್ದೆ ಇತ್ತು. ಬಿಟ್ಟು ಹೊರಬಂದರು.

ಸ್ವತಂತ್ರ ಪಕ್ಷ

1959ರ ಜೂನ್ 4ರಂದು ಮದ್ರಾಸಿನಲ್ಲಿ ಹೊಸ ಪಕ್ಷದ ಘೋಷಣೆ ಆಯ್ತು. ಹೆಸರು ಸ್ವತಂತ್ರ ಪಕ್ಷ. ಹಿಂದೆ ನಿಂತವರು 80 ವರ್ಷದ ರಾಜಾಜಿ. ಜೊತೆಗೆ ಮುಂಬಯಿಯ ಮಿನೂ ಮಸಾನಿ, ಆಮೇಲೆ ಕೆ.ಎಂ. ಮುನ್ಷಿ ಅಂಥವರು. ಅಧ್ಯಕ್ಷ ಯಾರು ಅಂದಾಗ, ಪೇಟೆಯ ಮೇಧಾವಿಗಳನ್ನ ಬಿಟ್ಟು ನಿಡುಬ್ರೋಲಿನ ರೈತನ ಮಗನನ್ನೇ ಕೂರಿಸಿದರು. ಪಕ್ಷ ಉದ್ಯಮಿಗಳ ಪಕ್ಷ ಅನ್ನಿಸಿಕೊಳ್ಳಬಾರದು, ರೈತರ ನಡುವೆ ಬೇರು ಇರಬೇಕು ಅನ್ನೋ ಲೆಕ್ಕವೂ ಅದರಲ್ಲಿ ಇತ್ತು.

ಪಕ್ಷದ ತತ್ವ 21 ಅಂಶಗಳಲ್ಲಿ ಇತ್ತು. ಸುಲಭವಾಗಿ ಹೇಳೋದಾದ್ರೆ, ಪ್ರಜೆಯ ಸ್ವಾತಂತ್ರ್ಯ ದೊಡ್ಡದು, ಸರ್ಕಾರದ ಕೈ ಚಿಕ್ಕದಿರಬೇಕು. ಲೈಸೆನ್ಸ್, ಪರ್ಮಿಟ್ ಅಂತ ಪ್ರತಿಯೊಂದಕ್ಕೂ ಜನ ಆಫೀಸಿಗೆ ಅಲೆಯಬಾರದು. ತೆರಿಗೆ ಹಗುರ ಇರಬೇಕು. ಜಮೀನು ರೈತನ ಕೈಯಲ್ಲೇ ಇರಬೇಕು. ಸ್ವಂತ ದುಡಿಮೆಯವರಿಗೆ, ಅಂದ್ರೆ ರೈತ, ನೇಕಾರ, ಕಸುಬುದಾರ, ಸಣ್ಣ ಅಂಗಡಿಯವನಿಗೆ ಕೆಲಸ ಮಾಡೋಕೆ ಅಡ್ಡಿ ಇರಬಾರದು. ಉದ್ಯೋಗ ಹುಟ್ಟೋದು ಅಲ್ಲಿಂದ.

ಇನ್ನೊಂದು ವಿಶೇಷ ಇತ್ತು. ಮೂಲ ತತ್ವಗಳನ್ನ ಬಿಟ್ಟು ಉಳಿದ ವಿಷಯದಲ್ಲಿ ಪಕ್ಷದ ಸದಸ್ಯರು ತಮ್ಮ ಮನಸ್ಸಾಕ್ಷಿಯಂತೆ ಮಾತಾಡಬಹುದು, ಓಟು ಹಾಕಬಹುದು. ಪಕ್ಷದ ವಿಪ್ ಅಂದ್ರೆ ದೇವರ ಅಪ್ಪಣೆ ಅನ್ನೋ ಈ ಕಾಲದಲ್ಲಿ ಇದು ನಂಬೋಕೆ ಕಷ್ಟ. ಜನಕ್ಕೆ ಸ್ವಾತಂತ್ರ್ಯ ಕೊಡಿ ಅನ್ನೋರು ಮೊದಲು ತಮ್ಮ ಎಂಪಿ, ಎಂಎಲ್‌ಎಗಳಿಗೆ ಕೊಟ್ಟರು.

ಆ ಕಾಲದ ಕಟ್ಟುಪಾಡು ಹೇಗಿತ್ತು ಅಂತ ನಮ್ಮ ಗಡಿ ಭಾಗದ ಹಿರಿಯರಿಗೆ ನೆನಪಿರಬಹುದು. 1960ರ ದಶಕದಲ್ಲಿ ಆಹಾರ ಧಾನ್ಯವನ್ನ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸೋಕೆ ನಿರ್ಬಂಧ ಇತ್ತು. ಬರಗಾಲ, ಕೊರತೆ ಇದ್ದ ಕಾಲ, ಸರ್ಕಾರಕ್ಕೂ ಅದರದೇ ಕಾರಣ ಇತ್ತು. ಆದರೆ ಗದ್ದೆಯವನ ಲೆಕ್ಕದಲ್ಲಿ ನೋಡಿ. ಗೆರೆಯ ಈಚೆ ಬೆಲೆ ಇದೆ, ಗೆರೆಯ ಆಚೆ ಅವನ ಭತ್ತ ಇದೆ, ನಡುವೆ ಚೆಕ್‌ಪೋಸ್ಟ್ ಇದೆ. ಇಂಥ ಗೆರೆಗಳನ್ನೇ ಸ್ವತಂತ್ರ ಪಕ್ಷ ಪ್ರಶ್ನೆ ಮಾಡಿದ್ದು.

ಸೋಲು, ಚಿತ್ತೂರು, ಗೆಲುವು

1962ರ ಮಹಾಚುನಾವಣೆಯಲ್ಲಿ ಪಕ್ಷದ ಅಧ್ಯಕ್ಷರೇ ಸೋತರು. ತಮ್ಮದೇ ತೆನಾಲಿಯಲ್ಲಿ ರಂಗಾ ಗೆಲ್ಲಲಿಲ್ಲ, ಕಮ್ಯುನಿಸ್ಟ್ ಅಭ್ಯರ್ಥಿ ಗೆದ್ದರು. ಆಗ ಚಿತ್ತೂರಿನಿಂದ ಗೆದ್ದಿದ್ದವರು ಲೋಕಸಭೆಯ ಸ್ಪೀಕರ್ ಆಗಿದ್ದ ಎಂ. ಅನಂತಶಯನಂ ಅಯ್ಯಂಗಾರ್. ಅವರು ಬಿಹಾರದ ರಾಜ್ಯಪಾಲರಾಗಿ ಹೋದ್ದರಿಂದ ಸೀಟು ಖಾಲಿ ಆಯ್ತು. ಗುಂಟೂರಿನ ಕಾಲುವೆ ಸೀಮೆಯ ರಂಗಾ, ನಮ್ಮ ಪಕ್ಕದ ಬಯಲುಸೀಮೆಗೆ ಬಂದು ನಿಂತರು, ಗೆದ್ದರು. ಲೋಕಸಭೆಯಲ್ಲಿ ಸ್ವತಂತ್ರ ಪಕ್ಷದ ನಾಯಕರಾದರು.

ಅಲ್ಲಿ ಅವರ ದೊಡ್ಡ ಜಗಳ ಸಂವಿಧಾನದ 17ನೇ ತಿದ್ದುಪಡಿ ಮೇಲೆ. ಅಲ್ಲಿವರೆಗೆ ಜಮೀನ್ದಾರಿ ಎಸ್ಟೇಟ್‌ಗಳಿಗೆ ಅನ್ವಯವಾಗ್ತಿದ್ದ ವಿಶೇಷ ಅಧಿಕಾರವನ್ನ ಸಾಮಾನ್ಯ ರೈತವಾರಿ ಜಮೀನಿಗೂ ತರೋ ತಿದ್ದುಪಡಿ ಅದು. ಭೂಸುಧಾರಣೆ ಕಾನೂನುಗಳು ಕೋರ್ಟಿನಲ್ಲಿ ಬಿದ್ದುಹೋಗದಿರಲಿ ಅಂತ ಸರ್ಕಾರ ತಂದಿತ್ತು. ಜಮೀನ್ದಾರನಿಗೂ ಸ್ವಂತ ಉಳುವ ರೈತನಿಗೂ ಒಂದೇ ತಕ್ಕಡಿಯಾ ಅನ್ನೋದು ರಂಗಾ ಅವರ ಆಕ್ಷೇಪ. 1964ರ ಏಪ್ರಿಲ್‌ನಲ್ಲಿ ಮಸೂದೆಗೆ ಬೇಕಾದಷ್ಟು ಓಟು ಬೀಳದೆ ಬಿದ್ದುಹೋಯ್ತು. ಜೂನ್‌ನಲ್ಲಿ ಮತ್ತೆ ತಂದು ಪಾಸು ಮಾಡಿದರು. ಆದರೆ ತಿದ್ದುಪಡಿಯಲ್ಲಿ ಒಂದು ರಕ್ಷಣೆ ಇದೆ. ಭೂಮಿತಿಯೊಳಗಿನ, ಸ್ವಂತ ಸಾಗುವಳಿಯ ಜಮೀನನ್ನ ಸರ್ಕಾರ ತೆಗೆದುಕೊಂಡರೆ ಮಾರುಕಟ್ಟೆ ಬೆಲೆಗಿಂತ ಕಮ್ಮಿ ಪರಿಹಾರ ಕೊಡುವಂತಿಲ್ಲ. ಈ ಸಾಲು ಇವತ್ತಿಗೂ ಸಂವಿಧಾನದಲ್ಲಿದೆ.

ಇನ್ನು ಜಂಟಿ ಸಹಕಾರಿ ಬೇಸಾಯ? ಅದು ಕಾಗದದಲ್ಲೇ ಸೊರಗಿತು. ನಮ್ಮೂರುಗಳಲ್ಲಿ ಸೊಸೈಟಿ ಉಳಿದಿದೆ, ಸಾಲ ಕೊಡುತ್ತೆ, ಗೊಬ್ಬರ ಕೊಡುತ್ತೆ. ಹೊಲ ಮಾತ್ರ ಅವರವರದು. ಆ ಯೋಜನೆ ನಿಂತಿದ್ದಕ್ಕೆ ರಂಗಾ ಒಬ್ಬರೇ ಕಾರಣ ಅಲ್ಲ, ರೈತರಿಗೇ ಅದು ಬೇಕಿರಲಿಲ್ಲ. ಆದರೆ ಆ ಬೇಡ ಅನ್ನೋದಕ್ಕೆ ಪಾರ್ಲಿಮೆಂಟಿನಲ್ಲಿ ಬಾಯಿ ಕೊಟ್ಟವರಲ್ಲಿ ಅವರು ಮೊದಲಿಗರು.

1967ರಲ್ಲಿ ಸ್ವತಂತ್ರ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸೀಟು ಬಂತು, ಅತಿ ದೊಡ್ಡ ವಿರೋಧ ಪಕ್ಷ ಆಯ್ತು. ನಮ್ಮ ಮೈಸೂರು ರಾಜ್ಯದಿಂದಲೇ 5 ಸೀಟು. ಉಡುಪಿಯಿಂದ ಜೆ.ಎಂ. ಲೋಬೊ ಪ್ರಭು, ಚಿತ್ರದುರ್ಗದಿಂದ ಜೆ. ಮೊಹಮ್ಮದ್ ಇಮಾಮ್ ಗೆದ್ದವರಲ್ಲಿ ಇದ್ದರು. ಆದರೆ ರಂಗಾ ಅವರಿಗೆ ಮಾತ್ರ ಆ ಸಲ ಚಿತ್ತೂರು ಕೈ ಹಿಡಿಯಲಿಲ್ಲ. ಆಗ ಶ್ರೀಕಾಕುಳಂನಿಂದ ಗೆದ್ದಿದ್ದ ಶಿಷ್ಯ ಗೌತು ಲಚ್ಚನ್ನ ತಮ್ಮ ಲೋಕಸಭಾ ಸೀಟು ಬಿಟ್ಟುಕೊಟ್ಟರು. ಉಪಚುನಾವಣೆಯಲ್ಲಿ ಗುರುವನ್ನ ಅಲ್ಲಿಂದ ಗೆಲ್ಲಿಸಿದರು. ಟಿಕೆಟ್‌ಗಾಗಿ ಅಣ್ಣ ತಮ್ಮಂದಿರೇ ಮುಖ ನೋಡದ ಈ ಕಾಲದಲ್ಲಿ ಇದನ್ನ ಓದಿದಾಗ ಒಂದು ಕ್ಷಣ ಸುಮ್ಮನಾಗಬೇಕಾಗುತ್ತೆ.

ಒಪ್ಪಲಾಗದ ಪುಟಗಳು

ಒಬ್ಬರ ಜೀವನ ಬರೀವಾಗ ಹೊಗಳಿಕೆ ಮಾತ್ರ ಬರೆದ್ರೆ ಅದು ಫ್ಲೆಕ್ಸ್ ಬೋರ್ಡ್ ಆಗುತ್ತೆ. ರಂಗಾ ಅವರ ಕಥೆಯಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳೋ ವಿಷಯ ಎರಡಿವೆ.

ಮೊದಲನೆಯದು, ಅವರ ಪಕ್ಷದ ಒಳಗಿದ್ದವರು. ರಾಜಸ್ಥಾನ, ಒಡಿಶಾ ಕಡೆ ಸ್ವತಂತ್ರ ಪಕ್ಷ ಬೆಳೆದಿದ್ದೇ ಹಳೇ ರಾಜಮನೆತನಗಳ ಬಲದಿಂದ. ಪೇಟೆಗಳಲ್ಲಿ ಉದ್ಯಮಿಗಳ ಬೆಂಬಲ. ಜಮೀನ್ದಾರರ ವಿರುದ್ಧ ಜೈಲಿಗೆ ಹೋದ ಮನುಷ್ಯ, ರಾಜರ ಪಕ್ಕದಲ್ಲಿ ಕೂತು ಸಭೆ ನಡೆಸಬೇಕಾಯ್ತು. 1930ರ ದಶಕದ ರೈತ-ಕೂಲಿ ರಾಜ್ಯದಲ್ಲಿ ಕೂಲಿ ಅನ್ನೋ ಪದ ಎಲ್ಲಿ ಹೋಯ್ತು ಅಂತ ಆಗ ಕಮ್ಯುನಿಸ್ಟರು ಕೇಳಿದ್ದರಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ.

ನಮ್ಮ ಜಿಲ್ಲೆಯಲ್ಲೇ ನೋಡಿ. 1974ರ ಭೂಸುಧಾರಣೆಯಲ್ಲಿ ದೇವರಾಜ ಅರಸು ಸರ್ಕಾರ ಗೇಣಿದಾರನಿಗೆ ಜಮೀನು ಕೊಡದೇ ಇದ್ದಿದ್ರೆ, ವಾರಕ್ಕೆ ಮಾಡ್ತಿದ್ದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಪಹಣಿ ಇರ್ತಿರಲಿಲ್ಲ. ದರಖಾಸ್ತಿನಲ್ಲಿ ಎರಡು ಎಕರೆ ಸಿಕ್ಕ ದಲಿತ ಕುಟುಂಬಕ್ಕೆ ಸರ್ಕಾರ ಬದುವಿನಾಚೆ ನಿಂತಿದ್ರೆ ಏನು ಸಿಗ್ತಿತ್ತು? ಬದು ಇದ್ದವನಿಗೆ ಸರ್ಕಾರ ಒಳಗೆ ಬರೋದು ಬೇಡ. ಬದುವೇ ಇಲ್ಲದವನಿಗೆ, ಒಂದು ಬದು ಹಾಕಿಕೊಡೋಕಾದ್ರೂ ಸರ್ಕಾರ ಬರಬೇಕು. ರಂಗಾ ಅವರ ಸ್ವಾತಂತ್ರ್ಯದ ಮಾತು ಮೊದಲನೆಯವನಿಗೆ ಪೂರ್ತಿ ಸರಿ. ಎರಡನೆಯವನಿಗೆ ಅರ್ಧ ಮಾತ್ರ.

ಆದರೆ ಆ ಅರ್ಧವನ್ನ ಕೂಡ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಅದೇ ದರಖಾಸ್ತು ಜಮೀನಿನ ಕುಟುಂಬ ಪೋಡಿಗೆ, ಖಾತೆಗೆ, ಸರ್ವೆಗೆ ಎಷ್ಟು ವರ್ಷ ಅಲೆಯುತ್ತೆ ಅಂತ ತಾಲ್ಲೂಕು ಆಫೀಸಿನ ಮುಂದೆ ನಿಂತವರಿಗೆ ಗೊತ್ತು. ಕೊಟ್ಟ ಸರ್ಕಾರವೇ ಬಾಗಿಲಲ್ಲಿ ಕಾಯಿಸುತ್ತೆ. ಜಮೀನು ಸಿಕ್ಕ ಮೇಲೆ ಅವನೂ ರಂಗಾ ಹೇಳಿದ ರೈತನೇ ಆಗ್ತಾನೆ.

ಎರಡನೆಯದು, ಅವರ ಕೊನೆಯ ದಾರಿ. 1971ರ ಚುನಾವಣೆಯಲ್ಲಿ ಇಂದಿರಾ ಅಲೆಗೆ ಸ್ವತಂತ್ರ ಪಕ್ಷ ಕೊಚ್ಚಿಹೋಯ್ತು. 44 ಇದ್ದದ್ದು 8ಕ್ಕೆ ಇಳಿಯಿತು. ರಂಗಾ ಅವರೂ ಸೋತರು. 1974ರಲ್ಲಿ ಪಕ್ಷವೇ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಸೇರಿಹೋಯ್ತು. ರಂಗಾ ಆ ಕಡೆ ಹೋಗಲಿಲ್ಲ, ಆ ದಶಕದಲ್ಲಿ ಅವರು ಸೇರಿದ್ದು ಇಂದಿರಾ ಗಾಂಧಿ ಅವರ ಕಾಂಗ್ರೆಸ್ಸನ್ನ. ವೈಯಕ್ತಿಕ ಸ್ವಾತಂತ್ರ್ಯಕ್ಕಾಗಿ ಪಕ್ಷ ಕಟ್ಟಿದವರು, ತುರ್ತು ಪರಿಸ್ಥಿತಿ ಹೇರಿದ ನಾಯಕಿಯ ಪಕ್ಷದಿಂದ 1980ರಲ್ಲಿ ಗುಂಟೂರಿನಲ್ಲಿ ನಿಂತು ಗೆದ್ದರು. 1984, 1989ರಲ್ಲೂ ಗೆದ್ದರು. ಇದಕ್ಕೆ ಅವರ ಅಭಿಮಾನಿಗಳು ಏನೇ ಸಮಾಧಾನ ಹೇಳಲಿ, 1959ರಲ್ಲಿ ಒಂದು ನಿರ್ಣಯಕ್ಕಾಗಿ ಕುರ್ಚಿ ಬಿಟ್ಟ ಮನುಷ್ಯನ ಜೊತೆ ಇದನ್ನ ಹೊಂದಿಸೋದು ಕಷ್ಟ.

ಉಳಿದದ್ದು

1930ರಿಂದ 1991ರವರೆಗೆ, ನಡುವೆ ಸೋತ ಸಣ್ಣ ಸಣ್ಣ ಬಿಡುವು ಬಿಟ್ಟರೆ, ಆರು ದಶಕ ಅವರು ದೆಹಲಿಯ ಶಾಸನಸಭೆಗಳಲ್ಲಿ ಇದ್ದರು. 1991ರಲ್ಲಿ ಪದ್ಮವಿಭೂಷಣ ಬಂತು. 1995ರ ಜೂನ್‌ನಲ್ಲಿ ತೀರಿಕೊಂಡರು. ಮರುವರ್ಷ ಆಂಧ್ರದ ಕೃಷಿ ವಿಶ್ವವಿದ್ಯಾಲಯಕ್ಕೆ ಅವರ ಹೆಸರು ಇಟ್ಟರು. ನಮ್ಮ ಅಂಗಡಿಗಳಲ್ಲಿ ಬಿಪಿಟಿ ಅಂತ ಮಾರೋ ಅಕ್ಕಿ ಇದೆಯಲ್ಲ, ಆ ಸಾಂಬಾ ಮಸೂರಿ ತಳಿ ಹುಟ್ಟಿದ್ದು ಅದೇ ವಿಶ್ವವಿದ್ಯಾಲಯದ ಬಾಪಟ್ಲ ಕೇಂದ್ರದಲ್ಲಿ. ನಿಡುಬ್ರೋಲಿಗೆ ಹತ್ತಿರದ ಊರು ಅದು.

ಈಗ ನಮ್ಮ ಹಳ್ಳಿ ಹುಡುಗರು ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗ್ತಾರೆ, ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ಶಿಫ್ಟ್ ಲೆಕ್ಕದಲ್ಲಿ ಹೋಗ್ತಾರೆ. ಅದು ತಪ್ಪಲ್ಲ, ಮನೆ ನಡೀಬೇಕು. ಆದರೆ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕೋ ಹೆಂಗಸು, ರೇಷ್ಮೆ ಮನೆ ನಡೆಸೋ ಕುಟುಂಬ, ಕಾಲು ಎಕರೆಯಲ್ಲಿ ಸೊಪ್ಪು ಬೆಳೆದು ಸಂತೆಗೆ ತರೋ ಅಜ್ಜ, ಇವರನ್ನ ಯಾರೂ ಉದ್ಯೋಗಸ್ಥರು ಅಂತ ಲೆಕ್ಕಕ್ಕೆ ಹಿಡಿಯಲ್ಲ. ರಂಗಾ ಹಿಡಿದಿದ್ದರು. ಸುಮಾರು ನೂರು ವರ್ಷದ ಹಿಂದೆ ನೇಕಾರರ ಮಗ್ಗದ ಮುಂದೆ ಕೂತು ಬರೆದುಕೊಂಡ ಲೆಕ್ಕ ಅದು.

ಮುಂದಿನ ಚುನಾವಣೆಯಲ್ಲಿ, ಅದು ಪಂಚಾಯಿತಿದೇ ಇರಲಿ, ಪಾರ್ಲಿಮೆಂಟಿನದೇ ಇರಲಿ, ನಿಮ್ಮ ಮನೆ ಮುಂದೆ ಓಟು ಕೇಳೋಕೆ ಬಂದವರಿಗೆ ಎರಡು ಪ್ರಶ್ನೆ ಕೇಳಿ ನೋಡಿ. ಸರ್ಕಾರ ನಮಗಾಗಿ ಏನು ಮಾಡುತ್ತೆ ಅನ್ನೋದು ಒಂದು. ಸರ್ಕಾರ ಎಲ್ಲಿಗೆ ಬಂದು ನಿಲ್ಲುತ್ತೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಎಲ್ಲರ ಹತ್ತಿರವೂ ಪಟ್ಟಿ ಇರುತ್ತೆ. ಎರಡನೆಯದಕ್ಕೆ ಯಾರು ಉತ್ತರ ಕೊಡ್ತಾರೋ ನೋಡೋಣ.